ಹೊಲಿಗೆ ಅಕ್ಕನನ್ನು ಕೇಳಿ: ಏಳು ತಿಂಗಳ ಬಸುರಿ, ದೀಪಾವಳಿ ಪಾರ್ಟಿಗೆ ಏನುಡಲಿ?

ಪ್ರಶ್ನೆ: ಅಕ್ಕಾ, ನನಗೀಗ ಏಳು ತಿಂಗಳು. ತವರು ದಾವಣಗೆರೆ, ಇರೋದು ಬೆಂಗಳೂರು. ಬಲಿಪಾಡ್ಯಮಿಯ ಸಂಜೆ ನಮ್ಮ ಯಜಮಾನರ ಮ್ಯಾನೇಜರ್ ಮನೆಯಲ್ಲಿ ಪಾರ್ಟಿ ಇದೆ. ಅತ್ತೆ ಮದುವೆಯ ಕಂಚಿ ಸೀರೆ ಉಡು ಅಂತಾರೆ. ಇವರು ಗೌನ್ ತರಿಸು ಅಂತಾರೆ. ಮದುವೆ ಬ್ಲೌಸಿನ ಹುಕ್ಕು ಈಗ ಕೂಡೋದೇ ಇಲ್ಲ. ಗೌನಿಗೆ ದುಡ್ಡು ಹಾಕಿದರೆ ಆಮೇಲೆ ಅದು ಬೀರುವಿನಲ್ಲೇ ಕೂರುತ್ತೆ. ಅಮ್ಮ ಕೊಟ್ಟ ಮೈಸೂರು ಸಿಲ್ಕ್ ಒಂದಿದೆ. ಹೊಟ್ಟೆ ಎದ್ದು ಕಾಣಬಾರದು, ಹಬ್ಬದ ಕಳೆಯೂ ಇರಬೇಕು. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ಹೊಟ್ಟೆ ಕಾಣಲಿ ಬಿಡಿ. ಏಳನೇ ತಿಂಗಳಲ್ಲಿ ಅದನ್ನು ಮುಚ್ಚೋಕೆ ಹೋದರೆ ಸೆರಗಿನ ಮೇಲೆ ಶಾಲು, ಶಾಲಿಗೆ ಪಿನ್ನು ಅಂತ ಮೈಮೇಲೆ ಬಟ್ಟೆ ಜಾಸ್ತಿಯಾಗುತ್ತದೆ. ಬಸುರಿಗೆ ಮೊದಲೇ ಸೆಕೆ ಜಾಸ್ತಿ. ಅಷ್ಟು ಹೊದ್ದುಕೊಂಡು ಬೆವರುತ್ತಾ ಕೂತರೆ ಮುಖದ ಕಳೆಯೇ ಹೋಗುತ್ತದೆ, ಅಲ್ವಾ?

ಅಮ್ಮನ ಮೈಸೂರು ಸಿಲ್ಕನ್ನೇ ಉಡಿ. ಅದು ಕ್ರೇಪ್ ಬಟ್ಟೆ, ನೂಲಿಗೆ ಜಾಸ್ತಿ ತಿರುವು ಕೊಟ್ಟು ನೇಯ್ದಿರುತ್ತಾರೆ. ಹಾಗಾಗಿ ಮೆತ್ತಗೆ ಬೀಳುತ್ತದೆ, ಹೊಟ್ಟೆಯ ಮೇಲೆ ಉಬ್ಬಿ ನಿಲ್ಲುವುದಿಲ್ಲ. ಕಂಚಿ ಹಾಗಲ್ಲ. ಅದರ ರೇಷ್ಮೆ ದಪ್ಪ, ಜರಿ ಅಂಚು ಗಡುಸು. ನೆರಿಗೆ ಹಿಡಿದ ಕಡೆಯೆಲ್ಲ ಮುಂದಕ್ಕೆ ಚಾಚಿಕೊಳ್ಳುತ್ತದೆ, ಭಾರವೂ ಸೊಂಟಕ್ಕೇ ಬೀಳುತ್ತದೆ. "ಕಂಚಿ ಸೀರೆ ನಾಮಕರಣಕ್ಕೆ ಇರಲಿ ಅತ್ತೆ" ಅಂತ ಹೇಳಿ ನೋಡಿ. ಒಪ್ಪುತ್ತಾರೆ.

ಆದರೆ ಸೀರೆ ಯಾವುದು ಅನ್ನೋದಕ್ಕಿಂತ ಒಳಗಿನ ಲಂಗ ಹೇಗಿದೆ ಅನ್ನೋದು ಮುಖ್ಯ. ನನ್ನ ಅಂಗಡಿಗೆ ಬರುವ ಬಸುರಿಯರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಲಾಡಿ ತೆಳ್ಳಗಿದ್ದಷ್ಟೂ ಜಾಸ್ತಿ ಕೊರೆಯುತ್ತದೆ. ಸಂಜೆ ಲಂಗ ಬಿಚ್ಚಿದಾಗ ಸೊಂಟದ ಸುತ್ತ ಕೆಂಪು ಗೆರೆ ಬಿದ್ದಿರುತ್ತದಲ್ಲ, ಅದು ಏಳನೇ ತಿಂಗಳಿನ ಹೊಟ್ಟೆಗೆ ಬೇಡವೇ ಬೇಡ. ಲಾಡಿ ತೆಗೆಸಿ, ಎರಡು ಇಂಚು ಅಗಲದ ಮೆತ್ತನೆ ಇಲಾಸ್ಟಿಕ್ ಹಾಕಿಸಿ. ಲಂಗ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರಲಿ. ಹಾಗೆ ಇಳಿಸಿ ಉಟ್ಟಾಗ ಲಂಗದ ಅಂಚು ನೆಲಕ್ಕೆ ತಾಗುತ್ತದೆ, ಕಾಲಿಗೆ ಸಿಕ್ಕುತ್ತದೆ. ಅದಕ್ಕೇ ಪಾದದ ಮೇಲ್ಗಡೆ ಸುತ್ತಲೂ ಒಂದು ಮಡಿಕೆ ಹಿಡಿದು ದೊಡ್ಡ ಹೊಲಿಗೆ ಹಾಕಿಸಿ. ಹೆರಿಗೆಯಾದ ಮೇಲೆ ದಾರ ಎಳೆದರೆ ಹಳೇ ಉದ್ದ ವಾಪಸ್ ಬರುತ್ತದೆ.

ನೆರಿಗೆ ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ. ಸೀರೆಯ ಐದೂವರೆ ಮೀಟರಿನಲ್ಲಿ ಮೈ ಸುತ್ತಲೇ ಈಗ ಜಾಸ್ತಿ ಹೋಗುತ್ತದೆ. ಏಳು ಬರುತ್ತಿದ್ದ ಕಡೆ ಐದು ಬಂದರೆ ಸಾಕು. ನಿಮ್ಮ ನೆರಿಗೆ ನಿಮಗೇ ಕಾಣುವುದಿಲ್ಲ, ಹೊಟ್ಟೆ ಅಡ್ಡ ಇರುತ್ತದೆ. ಅತ್ತೆಯನ್ನೋ ಯಜಮಾನರನ್ನೋ ಕೆಳಗೆ ಕೂರಿಸಿ ನೆರಿಗೆ ಸರಿಮಾಡಿಸಿಕೊಳ್ಳಿ. ನೀವೇ ಬಗ್ಗಬೇಡಿ. ಹೊಟ್ಟೆಯ ಹತ್ತಿರ ಪಿನ್ನು ಹಾಕಬೇಡಿ, ಇಲಾಸ್ಟಿಕ್ಕೇ ಹಿಡಿದುಕೊಳ್ಳುತ್ತದೆ. ಪಿನ್ನು ಇಲ್ಲದಿದ್ದರೆ ಬಾತ್‌ರೂಮಿಗೆ ಹೋಗಿಬರುವುದೂ ಸುಲಭ. ಈ ತಿಂಗಳಲ್ಲಿ ಎಷ್ಟು ಸಲ ಓಡಬೇಕಾಗುತ್ತದೆ ಅಂತ ನಿಮಗೇ ಗೊತ್ತು.

ಬ್ಲೌಸಿನ ವಿಷಯ. ಮೈಸೂರು ಸಿಲ್ಕಿನ ಬ್ಲೌಸನ್ನು ಒಳಮಗ್ಗುಲು ಮಾಡಿ ನೋಡಿ. ಕಂಕುಳಿಂದ ಸೊಂಟದವರೆಗೆ ಪಕ್ಕದಲ್ಲಿ ಒಂದರ ಪಕ್ಕ ಒಂದು ಎರಡು ಮೂರು ಹೊಲಿಗೆ ಇರಬಹುದು. ನಾವು ಟೈಲರುಗಳು ಅದನ್ನು ಬಿಟ್ಟಿರುವುದೇ ಮುಂದೆ ಮೈ ತುಂಬಿದಾಗ ಬಿಚ್ಚಲಿ ಅಂತ. ಬಿಚ್ಚಿದರೂ ಸಾಲದಿದ್ದರೆ ಸುಮ್ನೆ ಎಳೆದು ಹುಕ್ಕು ಹಾಕಬೇಡಿ. ಬಸುರಿನಲ್ಲಿ ಎದೆ ಮಾತ್ರ ಅಲ್ಲ, ಪಕ್ಕೆಲುಬಿನ ಗೂಡೇ ಅಗಲವಾಗುತ್ತದೆ. ಕೆಳಪಟ್ಟಿ ಅಲ್ಲಿ ಒತ್ತಿದರೆ ಊಟವೂ ಸೇರುವುದಿಲ್ಲ, ಉಸಿರಾಟವೂ ಕಷ್ಟ. ಹೊಸದು ಹೊಲಿಸಿ. ಗೌನಿನ ದುಡ್ಡಿನಲ್ಲಿ ಮಿಕ್ಕಿದ್ದು ಕೈಯಲ್ಲೇ ಇರುತ್ತದೆ. ಹತ್ತಿ ಲೈನಿಂಗ್ ಇರಲಿ, ಮುಂದೆ ಹುಕ್ಕು ಇರಲಿ, ತೋಳು ಸಡಿಲ ಇರಲಿ. ಮುಂದಿನ ಹುಕ್ಕಿನ ಬ್ಲೌಸ್ ಬಾಣಂತನದಲ್ಲಿ ಹಾಲೂಡಿಸುವಾಗಲೂ ಬೇಕಾಗುತ್ತದೆ. ಅದು ಬೀರುವಿನಲ್ಲಿ ಕೂರುವ ಬಟ್ಟೆ ಅಲ್ಲ.

ಸೀರೆ ಶೇಪ್‌ವೇರ್ ಅಂತ ಈಗ ಎಲ್ಲರೂ ಹಾಕುತ್ತಾರೆ. ನೀವು ಹಾಕಬೇಡಿ. ತೊಡೆಯಿಂದ ಹೊಟ್ಟೆವರೆಗೆ ಬಿಗಿದು ಹಿಡಿಯುವ ಬಟ್ಟೆ ಅದು. ಡಾಬೂ ಬೇಡ.

ಗೌನ್ ಮೇಲೆ ನಿಮಗೇ ಆಸೆ ಇದ್ದರೆ ತಪ್ಪಿಲ್ಲ. ಆದರೆ ಆನ್‌ಲೈನಿನಲ್ಲಿ ದೊಡ್ಡ ಸೈಜ್ ಆರಿಸಿ ತರಿಸಬೇಡಿ. ಭುಜ ಜಾರುತ್ತದೆ, ಮುಂದೆ ಅಂಚು ಮೇಲೆ ಹೋಗುತ್ತದೆ. ಹೊಲಿಸಿದರೆ ಮುಂಭಾಗಕ್ಕೆ ಬೇರೆ ಅಳತೆ ಕೊಡಿ. ಟೇಪನ್ನು ಭುಜದಿಂದ ಹೊಟ್ಟೆಯ ಮೇಲೆ ಹಾಯಿಸಿ ಪಾದದವರೆಗೆ ಬಿಡಬೇಕು. ಹಿಂಭಾಗಕ್ಕಿಂತ ಅದು ಉದ್ದ ಬರುತ್ತದೆ. ಹಾಗೆ ಕತ್ತರಿಸಿದ ಗೌನು ನಿಂತಾಗ ಸುತ್ತಲೂ ಒಂದೇ ಮಟ್ಟಕ್ಕೆ ಇರುತ್ತದೆ.

ದೀಪಾವಳಿ ಅಂದ ಮೇಲೆ ಬೆಂಕಿಯ ಮಾತೂ ಹೇಳಲೇಬೇಕು. ಪಾಲಿಯೆಸ್ಟರ್ ಜಾರ್ಜೆಟ್, ಶಿಫಾನ್ ಉಟ್ಟು ಹಣತೆ ಸಾಲಿನ ಪಕ್ಕ ಓಡಾಡಬೇಡಿ. ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ರೇಷ್ಮೆಗೆ ಆ ಗುಣ ಇಲ್ಲ, ಆದರೂ ಸೆರಗನ್ನು ಮಡಚಿ ಭುಜಕ್ಕೆ ಪಿನ್ನು ಹಾಕಿ, ಇಳಿಬಿಡಬೇಡಿ. ಪಟಾಕಿ ಹೊಡೆಯುವಾಗ ಒಳಗೇ ಕೂತಿರಿ.

ಕಾಲಿಗೆ ಹಿಮ್ಮಡಿ ಎತ್ತರದ್ದು ಬೇಡ, ಹಿಂದೆ ಪಟ್ಟಿ ಇರುವ ಚಪ್ಪಟೆ ಚಪ್ಪಲಿ ಸಾಕು. ಸಂಜೆ ಹೊತ್ತಿಗೆ ಪಾದ ಊದುತ್ತದೆ, ಅದಕ್ಕೇ ಚಪ್ಪಲಿ ಕೊಳ್ಳುವುದಿದ್ದರೆ ಸಂಜೆಯೇ ಹೋಗಿ. ಹಬ್ಬಕ್ಕೆ ಎರಡು ದಿನ ಮೊದಲು ಎಲ್ಲವನ್ನೂ ಉಟ್ಟು ಸೋಫಾದ ಮೇಲೆ ಕೂತು ಎದ್ದು ನೋಡಿ. ಎಲ್ಲಿ ಒತ್ತುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಹೊರಡುವಾಗ ಅತ್ತೆ ದೃಷ್ಟಿ ತೆಗೆಯುತ್ತೇನೆ ಅಂದರೆ ನಿಂತು ತೆಗೆಸಿಕೊಳ್ಳಿ. ಅದು ಅವರ ಪ್ರೀತಿ.

ಪ್ರಶ್ನೆ: ಕನ್ನಡ ಕೂಟದ ದೀಪಾವಳಿ ನವೆಂಬರಿನಲ್ಲಿ. ಇಲ್ಲಿ ಚಳಿ, ಟೈಲರ್ ಸಿಗೋದಿಲ್ಲ. ನನಗೆ ಐದು ತಿಂಗಳು. ಸೀರೆ ಉಡೋಕೆ ದಾರಿ ಇದೆಯಾ ಅಕ್ಕಾ?
– ನ್ಯೂಜೆರ್ಸಿ

ಉತ್ತರ: ಇದೆ. ಬಸುರಿಯರ ಲೆಗ್ಗಿಂಗ್ಸ್ ಅಲ್ಲಿ ಎಲ್ಲ ಕಡೆ ಸಿಗುತ್ತದೆ. ಲಂಗದ ಬದಲು ಅದನ್ನೇ ಹಾಕಿ, ಅದರ ಸೊಂಟದ ಪಟ್ಟಿಗೇ ಸೀರೆ ಸಿಕ್ಕಿಸಿ. ಕಾಲೂ ಬೆಚ್ಚಗಿರುತ್ತದೆ. ಹಗುರ ಸೀರೆ ಆರಿಸಿ, ಭಾರದ್ದು ಆ ಪಟ್ಟಿಯನ್ನು ಕೆಳಗೆ ಎಳೆಯುತ್ತದೆ. ಬ್ಲೌಸಿಗೆ ಹಿಗ್ಗುವ ಬಟ್ಟೆಯ ರೆಡಿಮೇಡ್ ಸಾಕು, ತುಂಬುತೋಳಿನದು ಸಿಕ್ಕರೆ ಇನ್ನೂ ಒಳ್ಳೆಯದು. ಕೋಟಿನ ಗುಂಡಿ ಹಾಕೋಕಾಗದಿದ್ದರೆ ದೊಡ್ಡ ಉಣ್ಣೆ ಶಾಲು ಹೊದೆಯಿರಿ. ಪಾರ್ಕಿಂಗಿನಿಂದ ಹಾಲ್‌ವರೆಗೆ ಜಾರದ ಬೂಟು ಹಾಕಿ, ಚಪ್ಪಲಿ ಚೀಲದಲ್ಲಿರಲಿ.

ಪ್ರಶ್ನೆ: ಎಂಟು ತಿಂಗಳು. ನಾದಿನಿಯ ಆರತಕ್ಷತೆ ಇದೆ. ಉಂಗುರ ಬಿಗಿಯಾಗಿದೆ, ಕಾಲುಂಗುರವೂ ಒತ್ತುತ್ತಿದೆ. ತೆಗೆಯಬಾರದು ಅಂತಾರೆ ಮನೆಯಲ್ಲಿ.
– ಶಿವಮೊಗ್ಗ

ಉತ್ತರ: ಉಂಗುರ ಇವತ್ತೇ ತೆಗೆಯಿರಿ. ಬೆಳಗ್ಗೆ ಊತ ಕಡಿಮೆ ಇರುವಾಗ ಕೈಯನ್ನು ಸ್ವಲ್ಪ ಹೊತ್ತು ಮೇಲೆತ್ತಿ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸುತ್ತಾ ಎಳೆಯಿರಿ. ಬಾರದಿದ್ದರೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಸಿ, ಆಮೇಲೆ ಬೆಸೆಸಬಹುದು. ಕಾಲುಂಗುರ ಬಾಯಿ ತೆರೆದಿರುವಂಥದ್ದಾದರೆ ಅವರೇ ಅಗಲ ಮಾಡಿಕೊಡುತ್ತಾರೆ. ಆಗ ಮನೆಯವರ ಮಾತೂ ಉಳಿಯುತ್ತದೆ. ಗಾಜಿನ ಬಳೆಯನ್ನು ಒಂದು ಅಳತೆ ದೊಡ್ಡದೇ ಕೊಳ್ಳಿ. ಇನ್ನೊಂದು ಮಾತು, ದಯವಿಟ್ಟು ಕೇಳಿ. ಕೈ, ಮುಖ ಒಮ್ಮೆಲೇ ಊದಿಕೊಂಡರೆ, ಜೋರು ತಲೆನೋವು ಬಂದರೆ, ಇಲ್ಲವೇ ಕಣ್ಣು ಮಂಜಾದರೆ, ಅದು ಒಡವೆಯ ವಿಷಯ ಅಲ್ಲ. ಆರತಕ್ಷತೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿ.