ಕರೆಂಟ್ ಹೋಗಿ ಕರಗಿದ ಎದೆಹಾಲು

ತುಮಕೂರಲ್ಲಿ ಸಂಜೆಯೆಲ್ಲಾ ಕರೆಂಟ್ ಇರಲಿಲ್ಲ, ಐಸ್ ಬಾಕ್ಸ್‌ನಲ್ಲಿಟ್ಟ ಎದೆಹಾಲು ಕರಗಿದೆ, ಚೆಲ್ಲಬೇಕಾ ಅಂತ ಕೇಳಿದ್ದೀರಿ. ತಡೀರಿ, ಮೊದಲು ಒಂದೊಂದೇ ಪ್ಯಾಕೆಟ್ ಹಿಚುಕಿ ನೋಡಿ. ಒಳಗೆ ಐಸ್ ಚೂರು ಕೈಗೆ ಸಿಕ್ಕರೆ ಮತ್ತೆ ಗಟ್ಟಿ ಮಾಡಬಹುದು. ಪೂರ್ತಿ ಕರಗಿದ್ದೂ ಇನ್ನೂ ತಣ್ಣಗಿದ್ದರೆ ಕೆಳಗಿನ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಕುಡಿಸಿ, ಮತ್ತೆ ಫ್ರೀಜ್ ಮಾಡಬೇಡಿ. ಬೆಚ್ಚಗಾಗಿ ತುಂಬಾ ಹೊತ್ತಾಗಿದ್ದರೆ ಮಾತ್ರ, ಹೊಟ್ಟೆ ಉರಿದರೂ ಸರಿ, ಚೆಲ್ಲಿ.

ಆರು ತಿಂಗಳು ಇಡಬಹುದು ಅನ್ನುವ ಲೆಕ್ಕ ಮೈನಸ್ 18 ಡಿಗ್ರಿಯ ಫ್ರೀಜರ್‌ಗೆ. ನಿಮ್ಮದು ಸಿಂಗಲ್ ಡೋರ್ ಅಲ್ವಾ? ಅದರ ಐಸ್ ಬಾಕ್ಸ್‌ಗೆ ಅಷ್ಟು ತಣ್ಣಗೆ ಬರುವುದಿಲ್ಲ. ಎರಡು ವಾರದೊಳಗೆ ಖಾಲಿ ಮಾಡಿ, ಹಳೇದು ಮೊದಲು. ಒಂದು ಪ್ಯಾಕೆಟ್‌ಗೆ 60 ಎಂಎಲ್ ಸಾಕು, ಮೇಲೆ ಸ್ವಲ್ಪ ಜಾಗ ಬಿಡಿ, ಗಟ್ಟಿಯಾದಾಗ ಉಬ್ಬುತ್ತದೆ.

ಅತ್ತೆಯವರು ಒಲೆ ಮೇಲೆ ಕುದಿಸೋಣ ಅಂತಾರಲ್ಲ, ಹಸುವಿನ ಹಾಲಿನ ಅಭ್ಯಾಸ ಅದು. ಬೇಡ. ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ ಅದರಲ್ಲಿ ಪ್ಯಾಕೆಟ್ ಇಡಿ. ಮೈಕ್ರೋವೇವ್ ಅಂತೂ ಬೇಡವೇ ಬೇಡ, ಅಲ್ಲಲ್ಲಿ ಜಾಸ್ತಿ ಬಿಸಿಯಾಗಿ ಮಗುವಿನ ಬಾಯಿ ಸುಡುತ್ತದೆ. ಕೆನೆ ಬೇರೆಯಾಗಿದ್ದರೆ ಮೆಲ್ಲಗೆ ಅಲ್ಲಾಡಿಸಿ ಸಾಕು. ಬೆಚ್ಚಗಾದ ಹಾಲು 2 ಗಂಟೆಯೊಳಗೆ ಮುಗಿಯಬೇಕು. ಮಗು ತಿಂಗಳು ತುಂಬದೆ ಹುಟ್ಟಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.