ಆಲೂಗಡ್ಡೆಯಿಂದ ಶುರು ಮಾಡಿ

ನಮಸ್ಕಾರ.

‘ದಕ್ಷಿಣ ಅಮೆರಿಕ: ನಿಸರ್ಗ ಮತ್ತು ಮಾನವ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಆರನೇ ಪುಟದಲ್ಲಿ ನೀವು ಒಂದು ಒಳ್ಳೆಯ ಲೇಖನವನ್ನು ಹೂತಿಟ್ಟಿದ್ದೀರಿ.

ಮೊದಲ ಐದು ಪುಟ ಬರೀ ಅಳತೆ. ಆಂಡೀಸ್ ಪರ್ವತಸಾಲು ಸುಮಾರು 7,000 ಕಿ.ಮೀ. ಉದ್ದ, ಅಕೊಂಕಾಗುವಾ ಶಿಖರ 6,961 ಮೀಟರ್, ಟಿಟಿಕಾಕಾ ಸರೋವರ 3,812 ಮೀಟರ್ ಎತ್ತರದಲ್ಲಿ. ಅಂಕಿ ಸರಿಯೇ ಇವೆ, ಆದರೆ ಯಾವ ಪರೀಕ್ಷೆಗೆ ಓದುವವರಿಗಾಗಿ ಇವು? ಅಷ್ಟು ಎತ್ತರದಲ್ಲಿ ಬದುಕುವವರಿಗೆ ಏನಾಗುತ್ತದೆ ಎಂದು ಹೇಳಬೇಕಾದ ಕಡೆಯೆಲ್ಲ ‘ರಮಣೀಯ’, ‘ವಿಸ್ಮಯಕಾರಿ’ ಎಂದು ಬರೆದು ಮುಂದೆ ಸಾಗಿದ್ದೀರಿ. ಜನ ಬರುವುದು ತೀರಾ ಕೊನೆಗೆ, ಅದೂ ‘ಪ್ರಕೃತಿಯೊಡನೆ ಸೆಣಸುವ ಧೀರರು’ ಎಂಬ ಬಿರುದು ಹೊತ್ತು.

ಇನ್ನು ಆರನೇ ಪುಟ. ಟಿಟಿಕಾಕಾ ಸರೋವರವಿರುವ ಆಲ್ಟಿಪ್ಲಾನೊ ಪ್ರಸ್ಥಭೂಮಿಯ ರೈತರು ಆಲೂಗಡ್ಡೆಯನ್ನು ಚಳಿಗೆ ಒಡ್ಡಿ ‘ಚುನ್ಯೊ’ ಮಾಡುತ್ತಾರೆ, ಅದು ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಎರಡೇ ಸಾಲು ಬರೆದು ಬಿಟ್ಟಿರಿ! ಹೇಗೆ, ಅಲ್ಲೇ ಯಾಕೆ ಎಂದು ಓದುವವರು ಕೇಳುವುದಿಲ್ಲವೇ? ಉಷ್ಣವಲಯದ ಸೀಮೆಯಾದ್ದರಿಂದ ಹಗಲಿನ ಬಿಸಿಲು ಚುರುಕು. ಎತ್ತರದ ಗಾಳಿ ತೆಳು, ಒಣ, ಹೀಗಾಗಿ ಹೊತ್ತು ಮುಳುಗಿದರೆ ನೆಲದ ಕಾವು ಉಳಿಯುವುದಿಲ್ಲ. ಅಲ್ಲಿ ಚಳಿಗಾಲವಾದ ಜೂನ್, ಜುಲೈನಲ್ಲಿ ಬಯಲಿಗೆ ಹರವಿದ ಗಡ್ಡೆ ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಕೆಲವು ದಿನ ಹೀಗೇ ಬಿಟ್ಟು, ಮನೆಮಂದಿ ಕಾಲಲ್ಲಿ ತುಳಿದು ನೀರು ಹಿಂಡಿ, ಸಿಪ್ಪೆ ಬಿಡಿಸಿ, ಮತ್ತೆ ಒಣಗಿಸುತ್ತಾರೆ. ಕೊರೆಯುವ ಚಳಿಗೆ ಜಗ್ಗದೆ ಬೆಳೆಯುವ ತಳಿಗಳು ಕಹಿ. ಹೆಪ್ಪುಗಟ್ಟಿದ ಗಡ್ಡೆಯನ್ನು ಹರಿಯುವ ನೀರಲ್ಲಿ ನೆನೆಹಾಕಿದರೆ ಕಹಿಯ ಜೊತೆ ಅದರ ವಿಷಾಂಶವೂ ಇಳಿಯುತ್ತದೆ. ಸ್ಪೇನಿನವರು ಈಗಿನ ಬೊಲಿವಿಯಾದ ಪೊಟೊಸಿಯ ಬೆಳ್ಳಿ ಗಣಿಯಲ್ಲಿ ಮೂಲನಿವಾಸಿಗಳನ್ನು ದುಡಿಸಿಕೊಂಡಾಗ ಆ ಕೂಲಿಗಳ ಊಟವೂ ಇದೇ ಆಗಿತ್ತು. ನಿಮ್ಮ 3,812 ಮೀಟರ್ ಇಂಥ ಕಡೆ ಬರಲಿ, ಓದುಗರೇ ಅದನ್ನು ಹುಡುಕಿಕೊಂಡು ಬರುತ್ತಾರೆ. ಹಾಸನದ ಆಲೂಗಡ್ಡೆಯ ಮೂಲವೂ ಆ ಬೆಟ್ಟಗಳೇ ಎಂದು ಬೇಕಾದರೆ ಒಂದು ವಾಕ್ಯ ಸೇರಿಸಿ, ಹೆಚ್ಚು ಎಳೆಯಬೇಡಿ.

ತಪ್ಪುಗಳೂ ಇವೆ. ಅಮೆಜಾನ್ ಕಾಡು ಜಗತ್ತಿಗೆ ಶೇ. 20ರಷ್ಟು ಆಮ್ಲಜನಕ ಕೊಡುತ್ತದೆ ಎಂಬ ಮಾತು ತೆಗೆಯಿರಿ. ಅಲ್ಲಿ ಹುಟ್ಟುವ ಆಮ್ಲಜನಕವನ್ನು ಅಲ್ಲಿನ ಮರಗಳು, ತರಗೆಲೆ ಕೊಳೆಸುವ ಸೂಕ್ಷ್ಮಜೀವಿಗಳೇ ಹೆಚ್ಚುಕಡಿಮೆ ಪೂರ್ತಿ ಬಳಸಿಬಿಡುತ್ತವೆ. ಕಾಡು ಉಳಿಸಿ ಎನ್ನಲು ಮಳೆ, ಇಂಗಾಲ ಎಂಬ ಗಟ್ಟಿ ಕಾರಣಗಳಿರುವಾಗ ಈ ಸುಳ್ಳು ಯಾಕೆ? ‘ಮನುಷ್ಯನ ಕೈ ಸೋಕದ ಕಾಡು’ ಎನ್ನುವುದೂ ನಿಲ್ಲದು. ಕೊಲಂಬಸ್‌ಗಿಂತ ಎಷ್ಟೋ ಮೊದಲೇ ಅಲ್ಲಿನ ಜನ ಇದ್ದಿಲು, ಮೂಳೆ, ಅಡುಗೆಮನೆಯ ಕಸ ಸೇರಿಸಿ ಬಡ ಮಣ್ಣನ್ನು ಫಲವತ್ತಾದ ಕರಿಮಣ್ಣಾಗಿಸಿದ್ದರು. ‘ಟೆರಾ ಪ್ರೆಟಾ’ ಎಂಬ ಆ ಮಣ್ಣಿನಲ್ಲಿ ಮಡಕೆಚೂರುಗಳು ಈಗಲೂ ಸಿಗುತ್ತವೆ. ಅದನ್ನು ಓದಿಕೊಳ್ಳಿ.

ಚಿಲಿಯ ಉತ್ತರದ ಅಟಕಾಮಾವನ್ನು ‘ಬೆಂಕಿಯಂಥ ಮರುಭೂಮಿ’ ಎಂದಿದ್ದೀರಿ. ಅದರ ಕರಾವಳಿ ತಂಪು. ಆ ಕಡಲಿನ ಹಂಬೋಲ್ಟ್ ಪ್ರವಾಹದ ತಣ್ಣೀರು ಮೇಲಿನ ಗಾಳಿಯನ್ನು ತಣಿಸುವುದರಿಂದ ಅದು ಮೇಲೇರಿ ಮಳೆಯಾಗದೆ ಮಂಜಾಗಿ ನಿಲ್ಲುತ್ತದೆ. ಪೂರ್ವದ ತೇವವನ್ನು ಆಂಡೀಸ್ ತಡೆಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಚಿಲಿಯ ಚುಂಗುಂಗೊ ಎಂಬ ಮೀನುಗಾರರ ಊರಿಗೆ 1990ರ ದಶಕದಲ್ಲಿ ಬೆಟ್ಟದ ಮೇಲೆ ಬಲೆ ಕಟ್ಟಿ ಹಿಡಿದ ಮಂಜಿನ ನೀರು ಕೊಳವೆಯಲ್ಲಿ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ನಿರ್ವಹಣೆಯಿಲ್ಲದೆ ಬಲೆಗಳು ಹಾಳಾದವು. ಅದೂ ಬರೆಯಬೇಕಾದ ಕಥೆಯೇ, ಆದರೆ ಬೇರೆ ಲೇಖನಕ್ಕೆ.

ಸದ್ಯಕ್ಕೆ ಚುನ್ಯೊ ಒಂದನ್ನೇ ಹಿಡಿದು 800 ಪದಗಳಲ್ಲಿ ಬರೆದು ಕಳಿಸಿ. ‘ಪ್ರಕೃತಿ ಮಾತೆಯನ್ನು ಉಳಿಸೋಣ’ ಎಂಬ ಕೊನೆಯ ಪ್ಯಾರಾವನ್ನು ನಾನೇ ಹೊಡೆದುಹಾಕಿದ್ದೇನೆ, ದಯವಿಟ್ಟು ಮರಳಿ ಸೇರಿಸಬೇಡಿ. ಲೇಖನದ ಜೊತೆಗಿದ್ದ ಚಿತ್ರಗಳು ಯಾರವು, ಅನುಮತಿ ಇದೆಯೇ ಎಂಬುದನ್ನೂ ತಿಳಿಸಿ.

ಇಂತಿ,
ಸಂಪಾದಕ