ಮದುವೆಯಾಗದ ಸಂಗಾತಿಗೆ ಬೆಂಗಳೂರಿನಿಂದಲೇ ಕೆನಡಾ ಅರ್ಜಿ

ಕೆನಡಾದ ಪೌರರಾದ ನೀವು ಬೆಂಗಳೂರಿನಲ್ಲಿದ್ದುಕೊಂಡೇ, ಮದುವೆಯಾಗದೆ ಜೊತೆಗಿರುವ ಗೆಳತಿಯನ್ನು ಪ್ರಾಯೋಜಿಸಬಹುದೇ (ಆಕೆ ಅಲ್ಲಿ ನೆಲೆಸಲು ಹೊಣೆ ಹೊತ್ತು ಅರ್ಜಿ ಹಾಕಬಹುದೇ) ಎಂದು ಕೇಳಿದ್ದೀರಿ. ಖಂಡಿತ ಬಹುದು. ಪೌರತ್ವವಿಲ್ಲದೆ ಪರ್ಮನೆಂಟ್ ರೆಸಿಡೆಂಟ್ (ಕಾಯಂ ನಿವಾಸಿ) ಮಾತ್ರ ಆಗಿದ್ದರೆ ನೀವು ಕೆನಡಾದಲ್ಲೇ ವಾಸವಿರಬೇಕಿತ್ತು. ಪೌರರಿಗೆ ಆ ಕಟ್ಟಿಲ್ಲ. ಆಕೆಗೆ ವೀಸಾ ಸಿಕ್ಕ ಮೇಲೆ ಇಬ್ಬರೂ ಅಲ್ಲಿಗೆ ಹೋಗಿ ನೆಲೆಸುತ್ತೀರಿ ಎಂದು ತೋರಿಸಬೇಕು, ಅಷ್ಟೇ.

ನಿಮಗೆ ಹೊಂದುವುದು 'ಕಾಮನ್ ಲಾ ಪಾರ್ಟ್‌ನರ್' ವರ್ಗ. ಕನಿಷ್ಠ 12 ತಿಂಗಳು ಒಂದೇ ಸೂರಿನಡಿ ಸತತವಾಗಿ ಬಾಳಿರಬೇಕು. ನಡುವೆ ಊರಿಗೋ ಕಚೇರಿ ಕೆಲಸಕ್ಕೋ ಕೆಲವು ದಿನ ಹೋಗಿಬಂದರೆ ತೊಂದರೆಯಿಲ್ಲ.

ತೊಡಕಿರುವುದು ದಾಖಲೆಯಲ್ಲಿ. ನಮ್ಮಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಹಾಗಾಗಿ ಒಂದೇ ಕರಾರು ಸಾಲದು, ನವೀಕರಿಸಿದ್ದನ್ನೂ ಲಗತ್ತಿಸಿ. ಅದು ನಿಮ್ಮೊಬ್ಬರ ಹೆಸರಿನಲ್ಲಿದೆ ಎಂದಿದ್ದೀರಿ. ಹಾಗಿದ್ದರೆ ಇಬ್ಬರೂ ವಾಸವಿದ್ದೀರಿ ಎಂದು ಮನೆ ಮಾಲೀಕರಿಂದ ಪತ್ರ ಬರೆಸಿಕೊಳ್ಳಿ. ಅದೇ ವಿಳಾಸಕ್ಕೆ ಆಕೆಯ ಹೆಸರಿಗೆ ಬಂದ ಬ್ಯಾಂಕ್ ಪತ್ರ, ಮೊಬೈಲ್ ಬಿಲ್, ಜಂಟಿ ಖಾತೆಯ ವಿವರ ಸೇರಿಸಿ. ಪ್ರವಾಸದ ಫೋಟೋಗಳ ರಾಶಿಗಿಂತ ಇವೇ ಹೆಚ್ಚು ತೂಗುತ್ತವೆ. ಜೊತೆಗೆ ಐಎಂಎಂ 5409ಕ್ಕೆ, ಅಂದರೆ ಜೊತೆಗೆ ಬಾಳುತ್ತಿದ್ದೇವೆ ಎಂದು ಘೋಷಿಸುವ ಕೆನಡಾ ವಲಸೆ ಇಲಾಖೆಯ ಪ್ರಮಾಣಪತ್ರಕ್ಕೆ, ನೋಟರಿಯ ಮುಂದೆ ಸಹಿ ಹಾಕಿ.

ಯಾರೋ ಹೇಳಿದ 'ಕಾಂಜುಗಲ್ ಪಾರ್ಟ್‌ನರ್' ದಾರಿ ನಿಮಗಲ್ಲ. ಮದುವೆಯಾಗಲೂ ಒಟ್ಟಿಗೆ ಬಾಳಲೂ ನಿಜವಾದ ಅಡ್ಡಿಯಿರುವವರಿಗೆ ಅದು. ನಿಮಗೆ ಮದುವೆಯಾಗಲು, ಜಾತಿ ಧರ್ಮ ನೋಡದ 1954ರ ವಿಶೇಷ ವಿವಾಹ ಕಾಯ್ದೆ ಇದ್ದೇ ಇದೆ. ಮನೆಯವರ ಮುನಿಸನ್ನು ಅಧಿಕಾರಿ ಸುಲಭವಾಗಿ ಅಡ್ಡಿಯೆಂದು ಒಪ್ಪುವುದಿಲ್ಲ.

ಇನ್ನೊಂದು ಮಾತು: ಆಕೆ ಪರ್ಮನೆಂಟ್ ರೆಸಿಡೆಂಟ್ ಆದ ದಿನದಿಂದ 3 ವರ್ಷ ಆಕೆಯ ಖರ್ಚಿನ ಹೊಣೆ ನಿಮ್ಮದು, ನಡುವೆ ಸಂಬಂಧ ಮುರಿದರೂ ಸಹ.